ಜೆರ್ರಿ ರೈಸ್‌ನ ಮೂರು ಹೆಜ್ಜೆ

ಅಮೆರಿಕನ್ ಫುಟ್‌ಬಾಲ್‌ನ ವೈಡ್ ರಿಸೀವರ್ ಅಂದರೆ ಸಾಲಿನ ಅಂಚಿಗೆ ನಿಂತು, ಕ್ವಾರ್ಟರ್‌ಬ್ಯಾಕ್ ಎಸೆದ ಚೆಂಡನ್ನು ಓಡುತ್ತಲೇ ಹಿಡಿಯುವವನು. ಈ ಜಾಗಕ್ಕೆ ಮಿಂಚಿನ ಓಟಗಾರರೇ ಬೇಕೆಂಬುದು ಹಳೇ ನಂಬಿಕೆ. ಹಾಗಿದ್ದೂ ಇಲ್ಲಿನ ವೃತ್ತಿಜೀವನದ ದಾಖಲೆಗಳು ಇರುವುದು, ವೇಗ ಸಾಲದು ಎಂಬ ಅನುಮಾನ ಹೊತ್ತೇ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಬಂದ ಜೆರ್ರಿ ರೈಸ್ ಹೆಸರಲ್ಲಿ: 1,549 ಕ್ಯಾಚ್, 22,895 ಗಜ, ಎದುರಾಳಿಯ ಕೊನೆಯ ಪಟ್ಟಿಗೆ (ಎಂಡ್‌ಝೋನ್) ಚೆಂಡು ಮುಟ್ಟಿಸಿದ ಒಟ್ಟು 208 ಟಚ್‌ಡೌನ್. ಅಷ್ಟು ಗಜ ಅಂದರೆ ಹೆಚ್ಚುಕಡಿಮೆ 21 ಕಿಲೋಮೀಟರು.

ಹುಟ್ಟಿದ್ದು 1962ರಲ್ಲಿ, ಬೆಳೆದದ್ದು ಮಿಸಿಸಿಪಿಯ ಕ್ರಾಫರ್ಡ್ ಎಂಬ ಸಣ್ಣ ಊರಲ್ಲಿ. ಅಪ್ಪ ಇಟ್ಟಿಗೆ ಗಾರೆ ಕೆಲಸದವರು. ಅಣ್ಣತಮ್ಮಂದಿರು ಎಸೆದ ಇಟ್ಟಿಗೆಗಳನ್ನು ಮೇಲೆ ನಿಂತು ಹಿಡಿಯುವುದು ಹುಡುಗನ ಪಾಲಿನ ಕೆಲಸ. ಮಿಸಿಸಿಪಿ ವ್ಯಾಲಿ ಸ್ಟೇಟ್ ಕಾಲೇಜಿನಲ್ಲಿ 1984ರ ಒಂದೇ ಸೀಸನ್ನಿನಲ್ಲಿ 27 ಟಚ್‌ಡೌನ್ ಕ್ಯಾಚ್ ಹಿಡಿದ. ಕಾಲೇಜು ಚಿಕ್ಕದು, ಎದುರಾಳಿಗಳೂ ದೊಡ್ಡವರಲ್ಲ ಎಂದು ಮೂಗು ಮುರಿದವರಿದ್ದರು. ಸ್ಯಾನ್ ಫ್ರಾನ್ಸಿಸ್ಕೊ ಫೋರ್ಟಿನೈನರ್ಸ್ ಕೋಚ್ ಬಿಲ್ ವಾಲ್ಶ್ ಮಾತ್ರ, ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ 1985ರ ಡ್ರಾಫ್ಟ್‌ನಲ್ಲಿ ನ್ಯೂ ಇಂಗ್ಲೆಂಡ್ ತಂಡದ ಜೊತೆ ಸರದಿ ಬದಲಾಯಿಸಿಕೊಂಡು, 16ನೆಯವನಾಗಿ ಇವನನ್ನು ಎತ್ತಿಕೊಂಡರು.

ವಾಲ್ಶ್ ಆಟಕ್ಕೆ ಬೇಕಿದ್ದದ್ದು ಲೆಕ್ಕ ತಪ್ಪದ ಕಾಲು. ಸ್ಲ್ಯಾಂಟ್ ಎಂಬ ರೂಟನ್ನೇ, ಅಂದರೆ ರಿಸೀವರ್‌ಗೆ ಮೊದಲೇ ಗೊತ್ತುಮಾಡಿದ ಓಟದ ದಾರಿಯನ್ನೇ ನೋಡಿ. ರಿಸೀವರ್ ಒಳಗಾಲು ಮುಂದಿಟ್ಟು ನಿಲ್ಲುತ್ತಾನೆ. ಹೊರಗಾಲು, ಒಳಗಾಲು, ಮತ್ತೆ ಹೊರಗಾಲು. ಆ ಮೂರನೇ ಹೆಜ್ಜೆಯನ್ನು ನೆಲಕ್ಕೆ ಊರಿ ಒಮ್ಮೆಲೇ ಮೈದಾನದ ಒಳಕ್ಕೆ ಓರೆಯಾಗಿ ಕತ್ತರಿಸಬೇಕು. ಕ್ವಾರ್ಟರ್‌ಬ್ಯಾಕ್ ಎಸೆಯುವುದು ರಿಸೀವರ್ ಇರುವ ಕಡೆಗಲ್ಲ, ಅವನು ಬರಬೇಕಾದ ಖಾಲಿ ಜಾಗಕ್ಕೆ. ತಿರುವು ಕೋನವಾಗದೆ ಬಳಸಿಕೊಂಡು ದುಂಡಗಾಯಿತೋ, ಕಾವಲಿಗಿದ್ದ ಕಾರ್ನರ್‌ಬ್ಯಾಕ್ ನಡುವೆ ನುಗ್ಗಿ ಚೆಂಡು ಕದ್ದ. ತಿರುಗುವ ಮುಂಚೆ ಹೆಜ್ಜೆ ಚಿಕ್ಕದಾದರೂ ಗುಟ್ಟು ರಟ್ಟು. ರೈಸ್ ತಿರುವಿನಲ್ಲೂ ವೇಗ ಇಳಿಸುತ್ತಿರಲಿಲ್ಲ, ಎಲ್ಲ ರೂಟುಗಳ ಮೊದಲ ಕೆಲವು ಗಜ ಒಂದೇ ಥರ ಓಡುತ್ತಿದ್ದ. ಓಟದ ಪರೀಕ್ಷೆಯ 40 ಗಜದ ಗಡಿಯಾರಕ್ಕೆ ಇದು ಕಾಣುವುದಿಲ್ಲ. ಐದು ಗಜದಲ್ಲಿ ಹಿಡಿದ ಚೆಂಡು ಐವತ್ತು ಗಜವಾಗುತ್ತಿದ್ದದ್ದೂ ಹೀಗೇ: ಪೂರ್ತಿ ಓಟದಲ್ಲೇ ಚೆಂಡು ಕೈಸೇರಿದರೆ ಹಿಂದೆ ಬಿದ್ದವನು ಮತ್ತೆ ಹತ್ತಿರ ಬರುವುದು ಕಷ್ಟ.

ಮೊದಲ ವರ್ಷ ಮಾತ್ರ ಕೈಯಿಂದ ಚೆಂಡುಗಳು ಜಾರಿದವು, ತವರಿನ ಪ್ರೇಕ್ಷಕರೇ ಗೇಲಿ ಮಾಡಿದರು. ಇಟ್ಟಿಗೆ ಹಿಡಿದ ಕೈಗೆ ಇದೇನಾಯಿತು? ಹೊಸ ತಂಡದ ದಪ್ಪ ಪ್ಲೇಬುಕ್ (ಆಟದ ಯೋಜನೆಗಳ ಪುಸ್ತಕ) ತಲೆಯಲ್ಲಿ ಸುತ್ತುತ್ತಿರುವಾಗ ಕಣ್ಣು ಚೆಂಡಿನಿಂದ ಬೇಗ ಕಳಚುತ್ತದೆ. ಎದೆಮಟ್ಟಕ್ಕಿಂತ ಮೇಲೆ ಬಂದರೆ ಹೆಬ್ಬೆರಳು ಕೂಡಿಸಿ, ಸೊಂಟದ ಕೆಳಗಾದರೆ ಕಿರುಬೆರಳು ಕೂಡಿಸಿ, ಚೆಂಡು ಬಗಲಿಗೆ ಸೇರುವವರೆಗೆ ನೋಡುತ್ತಲೇ ಇರಬೇಕು. ಡಿಸೆಂಬರ್ ಹೊತ್ತಿಗೆ ರೂಟುಗಳು ಮೈಗೂಡಿದವು. ರ‍್ಯಾಮ್ಸ್ ವಿರುದ್ಧ 10 ಕ್ಯಾಚ್, 241 ಗಜ. ಹಿಡಿದ ಮೇಲೂ ಕೆಲಸ ಮುಗಿಯುವುದಿಲ್ಲ ಅನ್ನುವುದಕ್ಕೆ 1987ರ ಜನವರಿಯ ಪ್ಲೇಆಫ್ ಸಾಕ್ಷಿ: ಜೈಂಟ್ಸ್ ವಿರುದ್ಧ ಯಾರೂ ಮುಟ್ಟದೆಯೇ ಅವನ ಕೈಯಿಂದ ಚೆಂಡು ಬಿತ್ತು, ಪಂದ್ಯ 49–3ರಲ್ಲಿ ಹೋಯಿತು.

ಒಂದು ಕರಿಚುಕ್ಕೆಯೂ ಇದೆ. 1981ರಲ್ಲೇ ನಿಷೇಧವಾದ ಅಂಟನ್ನು ಕೈಗವಸಿಗೆ ಸಿಂಪಡಿಸಿಕೊಳ್ಳುತ್ತಿದ್ದೆ ಎಂದು 2015ರಲ್ಲಿ ತಾನೇ ಬಾಯಿಬಿಟ್ಟ. ತಪ್ಪು ತಪ್ಪೇ. ಆದರೆ ಅಂಟು ಬೆರಳಿಗೆ ಹಿಡಿತ ಕೊಟ್ಟೀತು, ಎದುರಾಳಿಯಿಂದ ಎರಡು ಗಜ ದೂರ ಕೊಡಲಾರದು.

ಅಭ್ಯಾಸದಲ್ಲಿ ಹಿಡಿದ ಪ್ರತಿ ಚೆಂಡನ್ನೂ ಎಂಡ್‌ಝೋನ್‌ವರೆಗೆ ಓಡಿಸಿಯೇ ಬಿಡುತ್ತಿದ್ದ. ಬಿಡುವಿನ ತಿಂಗಳುಗಳಲ್ಲಿ ಸ್ಯಾನ್ ಕಾರ್ಲೋಸ್‌ನ ಗುಡ್ಡದ ದಾರಿ, ಸುಮಾರು 4 ಕಿಲೋಮೀಟರ್ ಏರು. ಫಲ 1987ರಲ್ಲಿ ಕಂಡಿತು: ಮುಷ್ಕರದಿಂದ ಮೊಟಕಾದ ಸೀಸನ್ನಿನ 12 ಪಂದ್ಯಗಳಲ್ಲಿ 22 ಟಚ್‌ಡೌನ್ ಕ್ಯಾಚ್. 2007ರಲ್ಲಿ ರ‍್ಯಾಂಡಿ ಮಾಸ್ 23 ಹಿಡಿದು ಇದನ್ನು ಮೀರಿದ, ಅದಕ್ಕೆ 16 ಪಂದ್ಯ ಬೇಕಾಯಿತು. ಲೀಗಿನ ಅಂತಿಮ ಪಂದ್ಯವಾದ ಸೂಪರ್‌ಬೌಲ್ ಗೆಲುವುಗಳು ಮೂರು. ಮೊದಲನೆಯದರಲ್ಲಿ 215 ಗಜ ಮತ್ತು ಎಂವಿಪಿ (ಪಂದ್ಯದ ಶ್ರೇಷ್ಠ ಆಟಗಾರ) ಪ್ರಶಸ್ತಿ, ಉಳಿದೆರಡರಲ್ಲಿ ಮೂರು ಮೂರು ಟಚ್‌ಡೌನ್.

1997ರ ಮೊದಲ ಪಂದ್ಯದಲ್ಲೇ ಎಡ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಕಟ್ಟುನಾರು ಹರಿಯಿತು. ಸಾಮಾನ್ಯವಾಗಿ ಇದಕ್ಕೆ ಒಂಬತ್ತು ತಿಂಗಳಾದರೂ ಬೇಕು. ಮೂರೂವರೆ ತಿಂಗಳಿಗೇ ಮೈದಾನಕ್ಕಿಳಿದ, ಟಚ್‌ಡೌನ್ ಹಿಡಿದು ಬಿದ್ದ ಏಟಿಗೆ ಅದೇ ಕಾಲಿನ ಮಂಡಿಚಿಪ್ಪು ಬಿರುಕು ಬಿಟ್ಟಿತು. ಇದನ್ನು ಛಲ ಎಂದು ಹೊಗಳುವವರಿದ್ದಾರೆ. ನನ್ನ ಲೆಕ್ಕದಲ್ಲಿ ಅವಸರ. ಮುಂದಿನ ವರ್ಷ ಮಾತ್ರ ಪೂರ್ತಿ ಆಡಿದ.

2001ರಲ್ಲಿ ಕೊಲ್ಲಿಯಾಚೆಯ ಓಕ್ಲೆಂಡ್ ರೇಡರ್ಸ್ ಸೇರಿ, ನಲವತ್ತು ತುಂಬಿದ 2002ರ ಸೀಸನ್ನಿನಲ್ಲಿ 92 ಕ್ಯಾಚ್, 1,211 ಗಜ. ಕೊನೆಗೆ ಸಿಯಾಟಲ್, 2005ರಲ್ಲಿ ಡೆನ್ವರ್ ತಂಡದ ಜೊತೆ ತಯಾರಿ ಮಾಡಿ, ಸೀಸನ್ ಶುರುವಾಗುವ ಮುಂಚೆ ನಿವೃತ್ತಿ. ಗಜಗಳ ಪಟ್ಟಿಯಲ್ಲಿ ಎರಡನೆಯವನಾಗಿ ನಿಂತ ಲ್ಯಾರಿ ಫಿಟ್ಜ್‌ಜೆರಲ್ಡ್ 17,492ರಲ್ಲಿ ಮುಗಿಸಿದ. ಈಗ ಸೀಸನ್ನಿಗೆ 17 ಪಂದ್ಯ, ಎಸೆತವೂ ಹೆಚ್ಚು. ಆದರೂ ವರ್ಷಕ್ಕೆ 1,500 ಗಜದಂತೆ ಹಿಡಿಯುವವನಿಗೂ ರೈಸ್‌ನನ್ನು ದಾಟಲು ಹದಿನೈದು ಸೀಸನ್ ಸಾಲದು, ಹದಿನಾರನೆಯದಕ್ಕೂ ಕಾಲಿಡಬೇಕು.