ಎಡ್ರಾಗೆ ಕೂರುವ ಕಿರಿಯರಿಗೆ

ನಮ್ಮ ಅನಸ್ತೇಷಿಯಾ ವಿಭಾಗದಿಂದ ಪಿಜಿ ಮುಗಿಸಿ ಹೊರಬಂದವರಲ್ಲಿ ಬ್ಲಾಕ್, ಅಂದರೆ ನರದ ಸುತ್ತ ಔಷಧ ಹಾಕಿ ಆ ಭಾಗವನ್ನಷ್ಟೇ ಮರಗಟ್ಟಿಸುವ ಚುಚ್ಚುಮದ್ದು, ಕೊಡಲು ಹಿಂಜರಿಯುವವರು ಕಡಿಮೆ. ಆರ್ಥೋ ಓಟಿಯಲ್ಲಿ ಕೈಕಾಲಿನ ಕೇಸುಗಳು ಒಂದರ ಬೆನ್ನಿಗೊಂದು ಬರುತ್ತಿದ್ದವು, ಕೈ ತಾನಾಗಿ ಪಳಗುತ್ತಿತ್ತು. ಆದರೆ ರೀಜನಲ್ ಅನಸ್ತೇಷಿಯಾದ ಯುರೋಪಿಯನ್ ಡಿಪ್ಲೊಮಾಗೆ, ಅಂದರೆ ಆ ವಿಷಯದ ಯುರೋಪಿಯನ್ ಸಂಘವಾದ ಎಸ್ರಾ ನಡೆಸುವ ಎಡ್ರಾ ಪರೀಕ್ಷೆಗೆ, ಆ ಪಳಗಿದ ಕೈಯೊಂದೇ ಸಾಲದು. ಅದಕ್ಕೆ ಎರಡು ಹಂತ. ಮೊದಲನೆಯದು ಬಹು ಆಯ್ಕೆಯ ಪ್ರಶ್ನೆಪತ್ರಿಕೆ. ಎರಡನೆಯದು ವೈವಾ, ಅಂದರೆ ಮೌಖಿಕ ಪರೀಕ್ಷೆ, ಜೊತೆಗೆ ಮಾಡೆಲ್ ಆಗಿ ಮಲಗಿದ ವ್ಯಕ್ತಿಯ ಮೇಲೆ ಅಲ್ಟ್ರಾಸೌಂಡ್ ಸ್ಕ್ಯಾನ್. ಅಲ್ಲಿ ಸೂಜಿ ಇಲ್ಲ. ಪ್ರೋಬ್ ಇಟ್ಟು, ಪರದೆಯಲ್ಲಿ ಕಾಣುವುದನ್ನು ಬಾಯಿಬಿಟ್ಟು ಹೇಳಬೇಕು. ದಿನಾ ಮೌನವಾಗಿ ಬ್ಲಾಕ್ ಕೊಟ್ಟು ರೂಢಿಯಾದವರು ತಡವರಿಸುವುದು ಇಲ್ಲೇ.

ಕೈ ಮರಗಟ್ಟಿಸಲು ಕಂಕುಳಲ್ಲಿ ಕೊಡುವ ಅಕ್ಸಿಲರಿ ಬ್ಲಾಕನ್ನೇ ತೆಗೆದುಕೊಳ್ಳಿ. ತೋಳನ್ನು ತೊಂಬತ್ತು ಡಿಗ್ರಿ ಹೊರಕ್ಕೆ ಚಾಚಿಸಿ, ಮೊಣಕೈ ಮಡಚಿಸಿ. ಲೀನಿಯರ್ ಪ್ರೋಬ್, ಆಳ ಎರಡರಿಂದ ಮೂರು ಸೆಂ.ಮೀ. ಸಾಕು. ಮೊದಲು ಅಪಧಮನಿ ಹುಡುಕಿ, ಆಮೇಲೆ ಪ್ರೋಬ್ ಒತ್ತಿ ಬಿಡಿ: ಒತ್ತಿದಾಗ ಮಾಯವಾಗುವುದು ಸಿರೆ. ಸದಾ ಒತ್ತಿಯೇ ಹಿಡಿದರೆ ಸಿರೆ ಕಾಣುವುದೇ ಇಲ್ಲ, ನಾಳೆ ಓಟಿಯಲ್ಲಿ ಸೂಜಿ ಹೋಗುವುದು ಅದರೊಳಗೇ. ಅಪಧಮನಿಯ ಕೆಳಗೆ ಬೆಳ್ಳಗೆ ಹೊಳೆಯುವ ಗೆರೆ ಲ್ಯಾಟಿಸ್ಸಿಮಸ್ ಡಾರ್ಸಿ ಮತ್ತು ಟೆರೆಸ್ ಮೇಜರ್‌ಗಳ ಕೂಡು ಸ್ನಾಯುರಜ್ಜು. ಅದು ಕಾಣುವ ಮಟ್ಟದಲ್ಲೇ ಬ್ಲಾಕ್. ಮೀಡಿಯನ್ ನರ ಅಪಧಮನಿಯ ಮೇಲೆ, ಬೈಸೆಪ್ಸ್ ಕಡೆಗೆ. ಅಲ್ನಾರ್ ಇನ್ನೊಂದು ಪಕ್ಕಕ್ಕೆ. ರೇಡಿಯಲ್ ಹಿಂದೆ, ಆಳದಲ್ಲಿ. ಮಸ್ಕ್ಯುಲೊಕ್ಯುಟೇನಿಯಸ್ ಮಾತ್ರ ಈ ಗುಂಪಿನಲ್ಲಿ ಇರುವುದಿಲ್ಲ, ಬೈಸೆಪ್ಸ್ ಮತ್ತು ಕೊರಾಕೊಬ್ರೇಕಿಯಾಲಿಸ್ ನಡುವೆ ಸಿಗುತ್ತದೆ. ಅದನ್ನು ಬಿಟ್ಟರೆ ಮುಂಗೈಯ ಹೆಬ್ಬೆರಳಿನ ಕಡೆಯ ಚರ್ಮ ಮರಗಟ್ಟುವುದಿಲ್ಲ.

"ಇದು ಅಲ್ನಾರ್ ಅಂತ ಹೇಗೆ ಗೊತ್ತು?" ಎಂದು ಕೇಳಿದರೆ ಜಾಗ ತೋರಿಸಿ ಸುಮ್ಮನಾಗಬೇಡಿ. ಪ್ರೋಬನ್ನು ಮೊಣಕೈವರೆಗೆ ಜಾರಿಸಿ. ಅಲ್ನಾರ್ ಒಳಗಂಟಿನ ಹಿಂದೆ ಹೋಗುತ್ತದೆ, ಮೀಡಿಯನ್ ಅಪಧಮನಿಯ ಜೊತೆಯಲ್ಲೇ ಇಳಿಯುತ್ತದೆ, ರೇಡಿಯಲ್ ತೋಳಿನ ಮೂಳೆಯ ಹಿಂದಕ್ಕೆ ತಿರುಗುತ್ತದೆ. ನಡುವೆ ನರ ಮಸುಕಾದರೆ ಗಾಬರಿ ಬೇಡ. ಕಿರಣ ನೇರವಾಗಿ ಬೀಳದಿದ್ದರೆ ನರದ ಹೊಳಪು ಹೋಗುತ್ತದೆ, ಪ್ರೋಬನ್ನು ಕೆಲವೇ ಡಿಗ್ರಿ ವಾಲಿಸಿದರೆ ಮತ್ತೆ ಬರುತ್ತದೆ. ಮೊದಲ ವರ್ಷದ ಡಿಸೆಕ್ಷನ್ ಹಾಲ್‌ನಲ್ಲಿ ಫಾರ್ಮಲಿನ್ ವಾಸನೆಗೆ ಮುಖ ಸಿಂಡರಿಸಿಕೊಂಡು ಬಿಡಿಸಿದ ಅದೇ ಪ್ಲೆಕ್ಸಸ್, ಅದೇ ನರಜಾಲ ಇದು. ಆಗಿನ ರೆಕಾರ್ಡ್ ಪುಸ್ತಕ ಇನ್ನೂ ಮನೆಯಲ್ಲಿದ್ದರೆ ಹುಡುಕಿ ತೆಗೆಯಿರಿ.

ವೈವಾದಲ್ಲಿ ಬ್ಲಾಕಿನ ಆಯ್ಕೆಗೆ ಕಾರಣ ಕೇಳುತ್ತಾರೆ. ಭುಜದ ಶಸ್ತ್ರಚಿಕಿತ್ಸೆಗೆ ಕತ್ತಿನ ಬುಡದಲ್ಲಿ ಕೊಡುವ ಇಂಟರ್‌ಸ್ಕೇಲೀನ್ ಬ್ಲಾಕ್ ಎನ್ನುವುದು ಎಲ್ಲರಿಗೂ ಬರುವ ಉತ್ತರ. 20 ಮಿ.ಲೀ. ಹಾಕಿದರೆ ಹೆಚ್ಚುಕಡಿಮೆ ಎಲ್ಲ ರೋಗಿಗಳಲ್ಲೂ ಆ ಬದಿಯ ಫ್ರೆನಿಕ್ ನರ ಸೋಲುತ್ತದೆ, ಅದು ನಡೆಸುವ ಉಸಿರಾಟದ ಸ್ನಾಯು ವಪೆ ಆ ಬದಿಯಲ್ಲಿ ನಿಲ್ಲುತ್ತದೆ. 5ರಿಂದ 10 ಮಿ.ಲೀ.ಗೆ ಇಳಿಸಿದರೆ ತೊಂದರೆ ಕಡಿಮೆಯಾಗುತ್ತದೆ, ಪೂರ್ತಿ ತಪ್ಪುವುದಿಲ್ಲ. ಶ್ವಾಸಕೋಶ ಮೊದಲೇ ಕೆಟ್ಟವರಿಗೆ ಭುಜಕ್ಕೆ ಹೋಗುವ ಸುಪ್ರಾಸ್ಕ್ಯಾಪ್ಯುಲರ್ ಮತ್ತು ಅಕ್ಸಿಲರಿ ನರಗಳನ್ನು ಬೇರೆಬೇರೆಯಾಗಿ ಹಿಡಿಯುವ ದಾರಿಯನ್ನು ನೀವಾಗಿಯೇ ಹೇಳಬೇಕು, ಅವರು ಕೇಳುವವರೆಗೆ ಕಾಯಬಾರದು.

ಇನ್ನು ಡೋಸ್. ನನ್ನ ಮಟ್ಟಿಗೆ ಹೆಚ್ಚು ಜನ ಹಗುರವಾಗಿ ಕಾಣುವುದು ಇದನ್ನೇ. 60 ಕೆ.ಜಿ. ರೋಗಿ, ಮರಗಟ್ಟಿಸುವ ಔಷಧ ಬುಪಿವಕೇನ್ ಕೆ.ಜಿ.ಗೆ 2 ಮಿ.ಗ್ರಾಂ. ಎಂದು ಹಿಡಿದರೆ 120 ಮಿ.ಗ್ರಾಂ. ಶೇ. 0.5ರ ದ್ರಾವಣದಲ್ಲಿ ಮಿ.ಲೀ.ಗೆ 5 ಮಿ.ಗ್ರಾಂ. ಇರುವುದರಿಂದ 24 ಮಿ.ಲೀ. ಅಷ್ಟೇ. ಅಂಥದೇ ಇನ್ನೊಂದು ಔಷಧ ಲಿಗ್ನೊಕೇನ್ ಬೆರೆಸಿದರೆ ಎರಡಕ್ಕೂ ಬೇರೆ ಬೇರೆ ಮಿತಿ ಸಿಗುವುದಿಲ್ಲ, ವಿಷಪರಿಣಾಮ ಕೂಡುತ್ತಾ ಹೋಗುತ್ತದೆ. ಕೊನೆಗೆ ಸರ್ಜನ್ ಗಾಯದ ಅಂಚಿಗೆ ಹಾಕುವ ಲೋಕಲ್ ಕೂಡ ಇದೇ ಲೆಕ್ಕಕ್ಕೆ ಸೇರಬೇಕು. ಅದನ್ನು ಅವರು ಹೇಳುವುದಿಲ್ಲ, ನಾವೇ ಕೇಳಬೇಕು. 3ರಿಂದ 5 ಮಿ.ಲೀ.ಗೊಮ್ಮೆ ಸಿರಿಂಜ್ ಹಿಂದಕ್ಕೆಳೆದು ನೋಡಿ. ಔಷಧ ಹೋಗುತ್ತಿದ್ದರೂ ಪರದೆಯಲ್ಲಿ ಹರಡುವುದು ಕಾಣದಿದ್ದರೆ ತಕ್ಷಣ ನಿಲ್ಲಿಸಿ. ಸೂಜಿಯ ತುದಿ ನೀವು ನೋಡುತ್ತಿರುವ ಜಾಗದಲ್ಲಿಲ್ಲ, ಅಥವಾ ರಕ್ತನಾಳದಲ್ಲಿದೆ.

ಬಾಯಿ ಸುತ್ತ ಜುಮ್ಮೆನಿಸಿ, ಕಿವಿ ಗುಂಯ್‌ಗುಟ್ಟಿ, ರೋಗಿಯ ಮಾತು ತೊದಲಿತೆಂದರೆ ಅದು ಔಷಧದ ವಿಷಪರಿಣಾಮದ ಗುರುತು, ಅದೇ ರೋಗಿಗೆ ಇನ್ನೊಂದು ಲೆಕ್ಕ ಶುರು. ಸಹಾಯಕ್ಕೆ ಕರೆಯಿರಿ, ಆಮ್ಲಜನಕ ಕೊಡಿ, ಫಿಟ್ಸ್ ಬಂದರೆ ಬೆಂಜೊಡಯಜೆಪೀನ್. ಶೇ. 20ರ ಲಿಪಿಡ್, ಅಂದರೆ ಸಿರೆಗೆ ಹಾಕುವ ಕೊಬ್ಬಿನ ಬಿಳಿ ದ್ರಾವಣ, ಕೆ.ಜಿ.ಗೆ 1.5 ಮಿ.ಲೀ., ಅಂದರೆ 90 ಮಿ.ಲೀ., ಎರಡು ಮೂರು ನಿಮಿಷದಲ್ಲಿ. ನಂತರ ಕೆ.ಜಿ.ಗೆ ನಿಮಿಷಕ್ಕೆ 0.25 ಮಿ.ಲೀ., ಅಂದರೆ ನಿಮಿಷಕ್ಕೆ 15 ಮಿ.ಲೀ. ಒಟ್ಟು ಮಿತಿ ಕೆ.ಜಿ.ಗೆ 12 ಮಿ.ಲೀ. ಅಲಮಾರಿಯಲ್ಲಿ 100 ಮಿ.ಲೀ.ಯ ಒಂದೇ ಬಾಟಲಿ ಇದ್ದರೆ ಅದು ಮೊದಲ ಐದು ನಿಮಿಷಕ್ಕೂ ಬಾರದು. ಪ್ರಜ್ಞೆ ತಪ್ಪಿಸುವ ಪ್ರೊಪೋಫಾಲ್ ಕೂಡ ಬೆಳ್ಳಗಿದೆ ಎಂದು ಲಿಪಿಡ್ ಬದಲಿಗೆ ಅದನ್ನು ಬಳಸುವಂತಿಲ್ಲ: ಅದರಲ್ಲಿ ಲಿಪಿಡ್ ಶೇ. 10 ಮಾತ್ರ, ಮೇಲಾಗಿ ಹೃದಯವನ್ನು ಇನ್ನಷ್ಟು ಕುಗ್ಗಿಸುತ್ತದೆ. ಅಡ್ರಿನಲಿನ್ ಒಂದು ಸಲಕ್ಕೆ ಕೆ.ಜಿ.ಗೆ 1 ಮೈಕ್ರೋಗ್ರಾಂ ದಾಟಬಾರದು.

ಬ್ಲಾಕ್ ಕೂರದಿದ್ದಾಗ ಏನು ಮಾಡುತ್ತೀರಿ ಎನ್ನುವುದೂ ಬರುವ ಪ್ರಶ್ನೆಯೇ. ಇಪ್ಪತ್ತರಿಂದ ಮೂವತ್ತು ನಿಮಿಷ ಕಾದು ಪರೀಕ್ಷಿಸಿ. ಮೊಣಕೈ ಚಾಚಲು ಹೇಳಿ, ರೇಡಿಯಲ್. ಮಡಚಲು ಹೇಳಿ, ಮಸ್ಕ್ಯುಲೊಕ್ಯುಟೇನಿಯಸ್. ತೋರುಬೆರಳ ಬುಡ ಚಿವುಟಿ, ಮೀಡಿಯನ್. ಕಿರುಬೆರಳ ಬುಡ ಚಿವುಟಿ, ಅಲ್ನಾರ್. ಒಂದು ನರ ಉಳಿದಿದ್ದರೆ ಮತ್ತೆ ಕಂಕುಳಲ್ಲಿ ಸೂಜಿ ಆಡಿಸಬೇಡಿ. ಅರ್ಧ ಮರಗಟ್ಟಿದ ಜಾಗದಲ್ಲಿ ನರಕ್ಕೆ ಸೂಜಿ ತಾಗಿದರೂ ರೋಗಿ ನೋವೆನ್ನುವುದಿಲ್ಲ. ಮೊಣಕೈ ಹತ್ತಿರವೋ ಮುಂಗೈಯಲ್ಲೋ ಆ ಒಂದು ನರವನ್ನು ಹಿಡಿದು 3ರಿಂದ 5 ಮಿ.ಲೀ. ಹಾಕಿ. ಅದಕ್ಕೆ ಆ 24 ಮಿ.ಲೀ.ಯಲ್ಲಿ ಅಷ್ಟನ್ನು ಮೊದಲೇ ಉಳಿಸಿಕೊಂಡಿರಬೇಕು. ಮುಗಿದುಹೋಗಿದ್ದರೆ ಜಿಎ, ಅಂದರೆ ಪೂರ್ತಿ ಪ್ರಜ್ಞೆ ತಪ್ಪಿಸುವ ಅನಸ್ತೇಷಿಯಾ, ಕೊಡುವುದೇ ಸರಿಯಾದ ಉತ್ತರ, ಅದನ್ನು ಹೇಳಿದ್ದಕ್ಕೆ ಯಾರೂ ಅಂಕ ಕಡಿಯುವುದಿಲ್ಲ.