ಬೆಳ್ಳಿ ಕಾಗದದ ಕತ್ತಿ

1984ರಲ್ಲಿ ನಾನು ಮಂಡ್ಯದ ನಮ್ಮ ಹೈಸ್ಕೂಲಿನ ಹತ್ತನೇ ತರಗತಿ 'ಬಿ' ಸೆಕ್ಷನ್. ದೀಪಾವಳಿ ಮುಗಿದು ಒಂದು ವಾರವಾಗಿತ್ತು. ಅಕ್ಟೋಬರ್ 31, ಬುಧವಾರ. ಮಾರನೇ ದಿನ ರಾಜ್ಯೋತ್ಸವ ಅಂತ ಬೆಳಿಗ್ಗೆಯಿಂದ ಪಾಠವೇ ಇರಲಿಲ್ಲ.

ಶಾಲೆಯ ಹಿತ್ತಲಲ್ಲಿ ಅಟೆಂಡರ್ ಮೂರು ಕಲ್ಲು ಹೂಡಿ, ಡಾಲ್ಡಾ ಡಬ್ಬದಲ್ಲಿ ಮೈದಾ ಅಂಟು ಕಾಯಿಸುತ್ತಿದ್ದರು. ಗಂಟಾಗದಂತೆ ಕಡ್ಡಿಯಲ್ಲಿ ತಿರುವುತ್ತಾ, ಕೊನೆಗೆ ಒಂದು ಚಿಟಿಕೆ ಮೈಲುತುತ್ತ ಹಾಕಿದರು. 'ಇದಾಕಿದ್ರೆ ಜಿರಲೆ ಮೂಸಿ ನೋಡಲ್ಲ ಕಣ್ಲಾ' ಎಂದರು. ಹುಡುಗಿಯರು ವಿಜ್ಞಾನದ ರೂಮಿನಲ್ಲಿ ಕೂತು ಹಳದಿ, ಕೆಂಪು ಕಾಗದ ಕತ್ತರಿಸಿ ದಾರಕ್ಕೆ ಅಂಟಿಸುತ್ತಿದ್ದರು. ನಾವು ನಾಟಕದವರು. ಸಂಗೊಳ್ಳಿ ರಾಯಣ್ಣನ ಕಥೆ. ನಾನು ಬ್ರಿಟಿಷರ ಕಡೆಯ ಸಿಪಾಯಿ, ನನಗಿದ್ದದ್ದು ಎರಡೇ ಮಾತು. ಆದರೂ ಕತ್ತಿ ಸಿಕ್ಕಿತ್ತು. ಊರೂರಲ್ಲೂ ಪೌರಾಣಿಕ ನಾಟಕ ಆಡುವ ಜಿಲ್ಲೆ ನಮ್ಮದು. ಮಂಡ್ಯದಲ್ಲಿ ಡ್ರಾಮಾ ಸೀನರಿಯವರಿಗೆ ಬರವೇ? ಅಂಥದೊಂದು ಅಂಗಡಿಯಿಂದ ಬಾಡಿಗೆಗೆ ತಂದ ಮರದ ಕತ್ತಿ, ಮೇಲೆ ಬೆಳ್ಳಿ ಕಾಗದ. ಹಿಡಿಯ ಹತ್ತಿರ ಕಾಗದ ಕಿತ್ತುಬಂದಿತ್ತು. ಅಟೆಂಡರ್ ಡಬ್ಬದಿಂದಲೇ ಒಂದಿಷ್ಟು ಬಿಸಿ ಅಂಟು ತೆಗೆದು ಮೆತ್ತಿದೆ.

ಸುದ್ದಿ ಬಂದದ್ದು ಆಗ. ಇಂಗ್ಲಿಷ್ ಮೇಷ್ಟ್ರು ಸ್ಟಾಫ್ ರೂಮಿನಿಂದ ಹೊರಗೆ ಬಂದು ನಮ್ಮ ಕನ್ನಡ ಮೇಷ್ಟ್ರ ಕಿವಿಯಲ್ಲಿ ಏನೋ ಹೇಳಿದರು. ಇಬ್ಬರೂ ಒಳಗೆ ಹೋದರು. ಕಿಟಕಿಯಿಂದ ಇಣುಕಿದರೆ ಏಳೆಂಟು ಮೇಷ್ಟ್ರುಗಳು ಒಂದು ಟ್ರಾನ್ಸಿಸ್ಟರಿನ ಸುತ್ತ ಬಗ್ಗಿದ್ದಾರೆ. ಇಂಗ್ಲಿಷ್ ಮೇಷ್ಟ್ರು ಅದಕ್ಕೆ ಕಿವಿ ಹಚ್ಚಿ, ಒಂದು ಕೈ ಎತ್ತಿ, ಯಾರೂ ಮಾತಾಡಬೇಡಿ ಅನ್ನುವಂತೆ ಹಿಡಿದಿದ್ದಾರೆ. ಇಂದಿರಾ ಗಾಂಧಿಗೆ ಗುಂಡು ಹೊಡೆದರಂತೆ. ಇಲ್ಲ, ಆಸ್ಪತ್ರೆಯಲ್ಲಿದ್ದಾರಂತೆ. ಇಲ್ಲ, ಹೋಗಿಬಿಟ್ಟರಂತೆ. ಆ ಅಂತೆಗಳ ನಡುವೆ ಕನ್ನಡ ಮೇಷ್ಟ್ರು ಹೊರಗೆ ಬಂದರು. ನಾನು ಕತ್ತಿ ಹಿಡಿದುಕೊಂಡೇ ಕೇಳಿದೆ: 'ಸಾರ್, ನಾಳೆ ನಾಟಕ ಇರ್ತದಾ?'

ಅವರು ಮಾತಿಗೆ ಮೊದಲು ಕೈ ಮಾಡುವ ಪೈಕಿ. ಅವತ್ತು ಬೆತ್ತವನ್ನು ಕಿಟಕಿಯ ಮೇಲಿಟ್ಟು, ನನ್ನನ್ನು ನೋಡದೆ ನಡೆದುಹೋದರು. ಇವರು ತುರ್ತು ಪರಿಸ್ಥಿತಿಯ ಮಾತು ಬಂದಾಗಲೆಲ್ಲ ಆಕೆಯನ್ನು ವಾಚಾಮಗೋಚರ ಬೈಯುತ್ತಿದ್ದವರೇ. ಅದಕ್ಕೇ ನನಗೆ ಏನೂ ಅರ್ಥವಾಗಲಿಲ್ಲ.

ಇಲ್ಲಿ ಒಂದು ತಕರಾರಿದೆ. ಅವತ್ತು ಮಧ್ಯಾಹ್ನ ನಮ್ಮನ್ನು ಸಾಲಾಗಿ ನಿಲ್ಲಿಸಿ ಬಾವುಟವನ್ನು ಅರ್ಧಕ್ಕೆ ಇಳಿಸಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಹೋದ ವರ್ಷ ಹಳೇ ವಿದ್ಯಾರ್ಥಿಗಳು ಸೇರಿದ್ದಾಗ ಇದನ್ನು ಹೇಳಿದರೆ, ರಾಯಣ್ಣನ ಪಾತ್ರದವನು 'ಯಾವ ಬಾವುಟನೋ, ಅವತ್ತು ಕಂಬದಲ್ಲಿ ಹಗ್ಗವೇ ಇರಲಿಲ್ಲ' ಎಂದ. ಮನೆಗೆ ಬಂದು ಲೆಕ್ಕ ಹಾಕಿದೆ. ದಿಲ್ಲಿಯ ಸಫ್ದರ್‌ಜಂಗ್ ರಸ್ತೆಯ ಮನೆಯಿಂದ ಪಕ್ಕದ ಕಚೇರಿಗೆ ತೋಟದ ಹಾದಿಯಲ್ಲಿ ಹೋಗುತ್ತಿದ್ದಾಗ ಆಕೆಯ ಇಬ್ಬರು ಸಿಖ್ ಅಂಗರಕ್ಷಕರೇ ಗುಂಡು ಹಾರಿಸಿದ್ದು ಬೆಳಿಗ್ಗೆ ಒಂಬತ್ತೂ ಕಾಲು ದಾಟಿದ ಮೇಲೆ. ಏಮ್ಸ್ ಆಸ್ಪತ್ರೆಯ ವೈದ್ಯರು ತೀರಿಕೊಂಡರೆಂದು ಘೋಷಿಸಿದ್ದು ಮಧ್ಯಾಹ್ನ 2.20ಕ್ಕೆ. ಆಕಾಶವಾಣಿ ಅದನ್ನು ಹೇಳಿದ್ದು ಸಂಜೆ ಆರಕ್ಕೆ. ಸರ್ಕಾರವೇ ಹೇಳದ ಸಾವಿಗೆ ಮಂಡ್ಯದ ಯಾವ ಹೆಡ್‌ಮಾಸ್ಟರು ಬಾವುಟ ಇಳಿಸುತ್ತಾರೆ? ಹಾಗಾದರೆ ನಾನು ನೋಡಿದ್ದು ಮಾರನೇ ದಿನದ್ದು, ರಾಜ್ಯೋತ್ಸವದ ಬೆಳಗಿನದು. ಎರಡು ದಿನವನ್ನು ನನ್ನ ತಲೆ ಒಂದೇ ಮಾಡಿಕೊಂಡಿದೆ.

ಟ್ರಾನ್ಸಿಸ್ಟರಿನ ವಿಷಯದಲ್ಲಿ ಮಾತ್ರ ನಾನು ಸೋಲಲಿಲ್ಲ. ಆಕಾಶವಾಣಿಗಿಂತ ಎಷ್ಟೋ ಗಂಟೆ ಮೊದಲೇ ಸಾವಿನ ಸುದ್ದಿ ಹೇಳಿದ್ದು ಬಿಬಿಸಿ. ಆವತ್ತು ಪಶ್ಚಿಮ ಬಂಗಾಳದಲ್ಲಿದ್ದ ರಾಜೀವ್ ಗಾಂಧಿ ಕೂಡ ಕಿವಿಗೆ ಹಚ್ಚಿಕೊಂಡದ್ದು ಬಿಬಿಸಿಯನ್ನೇ. ನಮ್ಮ ಇಂಗ್ಲಿಷ್ ಮೇಷ್ಟ್ರೇ ಏಕೆ ಕೈ ಎತ್ತಿ ಕೇಳುತ್ತಿದ್ದರು ಅನ್ನುವುದು ನನಗೆ ಹೊಳೆದದ್ದು ಇಷ್ಟು ವರ್ಷದ ಮೇಲೆ. ಉಳಿದವರು ಅವರ ಮುಖ ನೋಡುತ್ತಿದ್ದರು, ರೇಡಿಯೋ ಕೇಳುತ್ತಿರಲಿಲ್ಲ.

ಮಧ್ಯಾಹ್ನ ಬೆಲ್ಲು ಹೊಡೆದು ಬಿಟ್ಟುಬಿಟ್ಟರು. ಅಂಗಡಿಗಳು ಒಂದೊಂದಾಗಿ ಬಾಗಿಲು ಎಳೆಯುತ್ತಿದ್ದವು. ಬಸ್ಸಿಲ್ಲ. ಇಂಡುವಾಳಿನ ಕಡೆ ಮೈಸೂರು ರಸ್ತೆಯಲ್ಲಿ ನಡೆದೆ, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕತ್ತಿ. ವಾಪಸು ಕೊಡಬೇಕಿತ್ತು, ಆದರೆ ಇಸಿದುಕೊಳ್ಳುವವರು ಯಾರೂ ಇರಲಿಲ್ಲ. ರಸ್ತೆಯ ಎರಡೂ ಕಡೆ ಕಬ್ಬು ಆಳೆತ್ತರ. ಎದುರಿಗೆ ಬಂದ ಗಾಡಿಯವನು ಎತ್ತು ನಿಲ್ಲಿಸಿ, 'ಏನ್ಲಾ, ಈ ಕತ್ತಿ ತಕ್ಕೊಂಡು ಯಾರ್ ಮ್ಯಾಲೆ ಯುದ್ಧಕ್ಕೊಂಟೆ?' ಅಂದ. ಅವನಿಗೆ ಸುದ್ದಿ ಮುಟ್ಟಿಸಿದವನು ನಾನೇ. ಅವನು ಹಗ್ಗ ಬಿಟ್ಟು, ಗಾಡಿಯಿಂದಿಳಿದು, ತಲೆಯ ಟವೆಲು ತೆಗೆದು ಹೆಗಲಿಗೆ ಹಾಕಿಕೊಂಡ. ಅಂಥ ದೊಡ್ಡ ಸುದ್ದಿಯನ್ನು ಮೊದಲು ಹೇಳಿದವನು ನಾನೆಂದು ಒಳಗೊಳಗೇ ಖುಷಿಯಾಯಿತು. ಮುಂದೆ ಇನ್ನೂ ಮೂವರಿಗೆ ಹೇಳಿದೆ, ಪ್ರತಿ ಸಲ ಗುಂಡುಗಳ ಸಂಖ್ಯೆ ಹೆಚ್ಚಿಸಿ.

ಮನೆಯಲ್ಲಿ ಅಜ್ಜಿ ಆಗಲೇ ಜಗುಲಿಯಲ್ಲಿ ಕೂತಿದ್ದಳು. ಅವಳಿಗೆ ಇಂದ್ರಮ್ಮ ಅಂದರೆ ಹಸು-ಕರು, ಕಾಂಗ್ರೆಸ್ಸಿನ ಹಳೇ ಚುನಾವಣಾ ಗುರುತು. ಅದು 1978ರಲ್ಲೇ ಹೋಗಿ ಕೈ ಬಂದಿದ್ದರೂ ಅವಳ ಲೆಕ್ಕಕ್ಕೆ ಹಸು-ಕರುವೇ. ಗೇಣಿದಾರರ ಅರ್ಜಿ, ಫಾರಂ ನಂಬರ್ 7 ತುಂಬಿ ನಮಗೆ ಗೇಣಿ ಜಮೀನು ಒಂದೂವರೆ ಎಕರೆ ಉಳಿದದ್ದು ದೇವರಾಜ ಅರಸರ ಕಾಲದ ಭೂಸುಧಾರಣೆಯಿಂದ. ಅದನ್ನು ನಮ್ಮಪ್ಪ ನೂರು ಸಲ ಹೇಳಿದ್ದರೂ ಅಜ್ಜಿ ಆ ಪುಣ್ಯವನ್ನೂ ಇಂದ್ರಮ್ಮನ ಖಾತೆಗೇ ಬರೆದಿದ್ದಳು. ಸಂಜೆ ರೇಡಿಯೋದಲ್ಲಿ ಬಂದದ್ದನ್ನು ಅಪ್ಪ ಬಿಡಿಸಿ ಹೇಳಿದಾಗ ಅವಳು ಕೇಳಿದ್ದು ಒಂದೇ: 'ಕಾಯೋರೇ ಹೊಡುದ್ರಾ?' ಆಮೇಲೆ, 'ಬೇಲಿಯೇ ಎದ್ದು ಹೊಲ ಮೇಯ್ದಂಗಾಯ್ತಲ್ಲೋ ಮಗಾ.' ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಯಾವುದೋ ಮಗು ಹಬ್ಬದಲ್ಲಿ ಉಳಿದಿದ್ದ ಆನೆ ಪಟಾಕಿ ಹಚ್ಚಿತು. ಅದರ ತಾಯಿ ಬಾರಿಸಿದ ಸದ್ದು ಪಟಾಕಿಯದಕ್ಕಿಂತ ಜೋರಾಗಿತ್ತು.

ಮಾರನೇ ದಿನ ನಾಟಕವಿಲ್ಲ, ಸಿಹಿಯಿಲ್ಲ. ಸಾಲಾಗಿ ನಿಂತು ಮೌನ, ಅರ್ಧಕ್ಕಿಳಿದ ಬಾವುಟ, ಮನೆಗೆ. ಆ ವಾರದಲ್ಲೇ ಒಂದು ದಿನ ಸಕ್ಕರೆ ಕಾರ್ಖಾನೆ ರಸ್ತೆಯಲ್ಲಿ ಗೋಡೌನಿನ ಹಿಂದೆ ಉತ್ತರದ ನಂಬರಿನ ಒಂದು ಲಾರಿ ನಿಂತಿತ್ತು. ಅದರ ಮರೆಯಲ್ಲಿ ಗಡ್ಡದವನೊಬ್ಬ ನಮ್ಮ ಊರಿನವರ ಹಾಗೆ ತಲೆಗೆ ಟವೆಲು ಸುತ್ತಿಕೊಂಡು, ಸೀಮೆಎಣ್ಣೆ ಸ್ಟವ್ ಮೇಲೆ ರೊಟ್ಟಿ ಬೇಯಿಸುತ್ತಿದ್ದ. ಸುತ್ತಿದ ರೀತಿ ಸರಿಯಿರಲಿಲ್ಲ. ನಮಗೆ ನಗು ಬಂತು, ನಕ್ಕೆವು. ಅವನು ಬೇಗ ಸ್ಟವ್ ಆರಿಸಿ ಲಾರಿ ಹತ್ತಿ ಕೂತ. ಆ ಕೊಲೆಯ ಸೇಡಿಗೆ ದಿಲ್ಲಿಯೊಂದರಲ್ಲೇ 2,733 ಸಿಖ್ಖರನ್ನು ಕೊಂದರೆಂಬ ಸರ್ಕಾರಿ ಲೆಕ್ಕವನ್ನು ನಾನು ಓದಿದ್ದು ಎಷ್ಟೋ ವರ್ಷದ ನಂತರ. ಓದಿದಾಗ ನೆನಪಾದದ್ದು ಆ ಸ್ಟವ್ವು.

ಸೀನರಿ ಅಂಗಡಿಯವರು ಒಂದು ಕತ್ತಿ ಕಡಿಮೆಯೆಂದು ಅಡ್ವಾನ್ಸ್ ಹಿಡಿದುಕೊಂಡರಂತೆ. ಕನ್ನಡ ಮೇಷ್ಟ್ರು ತಮ್ಮ ಜೇಬಿನಿಂದ ಕಟ್ಟಿದ್ದರಂತೆ. ನನಗೆ ಗೊತ್ತಾಗುವ ಹೊತ್ತಿಗೆ ಅವರು ವರ್ಗವಾಗಿ ಹೋಗಿದ್ದರು. ಕತ್ತಿ ಇನ್ನೂ ಊರಿನ ಮನೆಯ ಅಟ್ಟದಲ್ಲಿದೆ. ಬೆಳ್ಳಿ ಕಾಗದವನ್ನೆಲ್ಲ ಜಿರಲೆ ತಿಂದುಹಾಕಿವೆ. ಹಿಡಿಯ ಹತ್ತಿರ, ಅಟೆಂಡರ್ ಡಬ್ಬದ ಅಂಟು ಮೆತ್ತಿದ ಕಡೆ ಮಾತ್ರ ನಾಲ್ಕು ಬೆರಳಗಲ ಉಳಿದಿದೆ.