ಮೇ ತಿಂಗಳಲ್ಲಿ ಫ್ರೀಜರ್ ಕೈಕೊಟ್ಟರೆ

ನಮ್ಮ ಫ್ರೀಜರ್ ಕೆಡುವುದಾದರೆ ಮೇ ಕೊನೆಯ ವಾರದಲ್ಲೇ ಕೆಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಅದಕ್ಕೇ ಉಡುಪಿ ಕಡೆಯ ನಮ್ಮಂಥ ಮನೆಗಳಲ್ಲಿ ಅದಕ್ಕೂ ಮುಂಚೆ ಬಂಗುಡೆ, ಅಂಜಲ್ ಮೀನು ತೊಳೆದು, ಪೊಟ್ಟಣ ಕಟ್ಟಿ ಫ್ರೀಜರಿಗೆ ತುಂಬುವ ಗಡಿಬಿಡಿ. ಮಳೆಗಾಲಕ್ಕೆ ಒಣಮೀನು ಸಾಕು ಅನ್ನುವವರು ನಮ್ಮತ್ತೆ. ನಾನು ಫ್ರೀಜರ್ ನಂಬಿದವಳು.

ಮೊದಲು ಚಾಕುವಿನ ಕತೆ ಹೇಳಿಬಿಡುತ್ತೇನೆ. ಆಗ ನಮ್ಮಲ್ಲಿದ್ದದ್ದು ಒಂದೇ ಬಾಗಿಲಿನ ಹಳೆಯ ಫ್ರಿಜ್. ಮಂಜು ತೆಗೆಯಲು ಗುಂಡಿ ಒತ್ತಬೇಕು. ನಾನು ಒತ್ತಿರಲಿಲ್ಲ. ನಾಲ್ಕು ಬೆರಳಿನಷ್ಟು ದಪ್ಪ ಐಸು ಕಟ್ಟಿ, ಮೀನಿನ ಪೊಟ್ಟಣ ಅದರೊಳಗೆ ಸಿಕ್ಕಿಕೊಂಡಿತ್ತು. ಮಧ್ಯಾಹ್ನಕ್ಕೆ ನೆಂಟರು ಬರುವವರಿದ್ದರು. ಚಾಕು ತೆಗೆದುಕೊಂಡು ಕುಕ್ಕಿದೆ. ಮೂರನೇ ಏಟಿಗೆ 'ಸುಯ್' ಅಂತ ಸದ್ದು. ಅಷ್ಟೇ, ಮತ್ತೆ ಆ ಫ್ರಿಜ್ ತಣ್ಣಗಾಗಲಿಲ್ಲ.

"ಎಂತ ಅಕ್ಕ, ಚಾಕು ಹಾಕಿದ್ರಾ?" ಅಂತ ಮೆಕ್ಯಾನಿಕ್ ಬಾಗಿಲು ತೆಗೆಯುವ ಮೊದಲೇ ಕೇಳಿದ. ಫ್ರೀಜರಿನ ಗೋಡೆಯೇ ತೆಳುವಾದ ಅಲ್ಯೂಮಿನಿಯಂ ತಗಡು, ಗ್ಯಾಸ್ ಓಡುವ ದಾರಿ ಅದರ ಒಳಗೇ ಇರುತ್ತದೆ ಅಂತ ನನಗೆ ಗೊತ್ತಾದದ್ದು ಅವತ್ತು. ತೂತು ಮುಚ್ಚಿ ಗ್ಯಾಸ್ ತುಂಬಿಸಿ ಕೊಟ್ಟ. ಎರಡು ತಿಂಗಳಿಗೆ ಅಲ್ಲೇ ಮತ್ತೆ ಸೋರಿತು. ಫ್ರಿಜ್ ಗುಜರಿಗೆ ಹೋಯಿತು. ಸ್ವಿಚ್ ಆಫ್ ಮಾಡಿ, ಒಂದು ಪಾತ್ರೆ ಬಿಸಿನೀರು ಒಳಗಿಟ್ಟು, ಕೆಳಗೆ ಹಳೆಯ ಟವೆಲ್ ಹಾಸಿ ಸ್ವಲ್ಪ ಹೊತ್ತು ಕಾದಿದ್ದರೆ ಆ ಪೊಟ್ಟಣ ತಾನಾಗೇ ಬಿಡುತ್ತಿತ್ತು.

ಈಗಿನ ಎಷ್ಟೋ ಫ್ರಿಜ್‌ಗಳಲ್ಲಿ ಇರುವುದು ಆರ್600ಎ ಅನ್ನುವ ಗ್ಯಾಸ್. ಹಿಂದಿನ ಲೇಬಲ್ಲಿನಲ್ಲಿ ಬರೆದಿರುತ್ತದೆ. ಅದು ಐಸೋಬ್ಯುಟೇನ್, ಅಡುಗೆ ಗ್ಯಾಸಿನ ಜಾತಿಯದ್ದೇ, ಬೆಂಕಿ ಹತ್ತುತ್ತದೆ. ಅದರಲ್ಲಿ 'ಸುಯ್' ಅಂದರೆ ಕಿಟಕಿ ತೆರೆಯಿರಿ, ಒಲೆ ಹಚ್ಚಬೇಡಿ, ಸ್ವಿಚ್ ಮುಟ್ಟಬೇಡಿ. ಆಮೇಲೆ ಫೋನು.

ಅಷ್ಟು ಐಸು ಕಟ್ಟಿದ್ದು ಯಾಕೆ? ಗುಂಡಿ ಒತ್ತದೇ ಇದ್ದದ್ದು ಒಂದು ಕಾರಣ. ಬಾಗಿಲಿನ ರಬ್ಬರ್ ಸಡಿಲವಾದದ್ದು ಇನ್ನೊಂದು. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ. ರಬ್ಬರ್ ಸಂದಿಯಿಂದ ಅದು ಒಳಗೆ ನುಗ್ಗಿ ಮಂಜಾಗುತ್ತದೆ. ಈಗ ನಾನು ತಿಂಗಳಿಗೊಮ್ಮೆ ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆಯುತ್ತೇನೆ. ಬಿಗಿಯಾಗಿ ಬಂದರೆ ಸರಿ. ಸುಲಭವಾಗಿ ಜಾರಿದರೆ ಸೋಪಿನ ನೀರಲ್ಲಿ ರಬ್ಬರ್ ಒರೆಸುತ್ತೇನೆ, ಹೆಚ್ಚಿನ ಸಲ ಅಂಟಿದ ಕೊಳೆಯೇ ಕಾರಣ. ಹರಿದಿದ್ದರೆ ಮಾತ್ರ ಹೊಸ ರಬ್ಬರ್.

ಈಗಿರುವುದು ಎರಡು ಬಾಗಿಲಿನ ಫ್ರಾಸ್ಟ್ ಫ್ರೀ. ಐಸು ಕಟ್ಟುವುದಿಲ್ಲ ಅಂತ ಹೇಳಿಯೇ ಮಾರಿದ್ದರು. ಮೂರನೇ ವರ್ಷ ಫ್ರೀಜರಿನ ನೆಲದಲ್ಲಿ ಗಾಜಿನ ಹಾಗೆ ಐಸು, ಕೆಳಗೆ ತರಕಾರಿ ಡಬ್ಬಿಯಲ್ಲಿ ನೀರು. ಹೆದರಿ ಕರೆಸಿದೆ. ಬಂದವನು ಫ್ರೀಜರಿನ ನೆಲದ ಹಿಂಬದಿಯ ತೂತಿಗೆ ಸಿರಿಂಜಿನಲ್ಲಿ ಬೆಚ್ಚಗಿನ ನೀರು ಬಿಟ್ಟ. ಕೊತ್ತಂಬರಿ ಎಲೆಯ ಚೂರು ಹೊರಗೆ ಬಂತು. 400 ರೂಪಾಯಿ! ಇಂಥ ಫ್ರಿಜ್‌ನಲ್ಲಿ ಆಗಾಗ ಹೀಟರ್ ತಾನಾಗೇ ಹೊತ್ತಿ ಮಂಜು ಕರಗಿಸುತ್ತದೆ. ಆ ನೀರು ತೂತಿನಿಂದ ಇಳಿದು ಕಂಪ್ರೆಸರ್ ಹತ್ತಿರದ ತಟ್ಟೆಗೆ ಹೋಗಿ ಆವಿಯಾಗಬೇಕು. ತೂತು ಕಟ್ಟಿದರೆ ನೀರಿಗೆ ಬೇರೆ ದಾರಿ ಎಲ್ಲಿ?

ಹೀಟರೇ ಕೆಟ್ಟರೆ ಕತೆ ಬೇರೆ. ತಂಗಿಯ ಮನೆಯಲ್ಲಿ ಹಾಗಾಯಿತು. ಮೇಲೆ ಮೀನು ಗಟ್ಟಿ, ಕೆಳಗೆ ಹಾಲು ಹುಳಿ. ಫ್ರೀಜರಿನ ಹಿಂದೆ ತಂಪು ಮಾಡುವ ಕಾಯಿಲ್ ಪೂರ್ತಿ ಐಸಾಗಿ ಫ್ಯಾನಿನ ಗಾಳಿ ಕೆಳಗೆ ಇಳಿಯುತ್ತಿರಲಿಲ್ಲ. ಪ್ಲಗ್ ತೆಗೆದು ಒಂದು ದಿನ ಬಾಗಿಲು ತೆರೆದಿಟ್ಟರೆ ನಾಲ್ಕೈದು ದಿನ ಸರಿ ಇರುತ್ತಿತ್ತು, ಆಮೇಲೆ ಮತ್ತೆ ಅದೇ ರಾಗ. ಹೀಗೆ ಮರಳಿ ಮರಳಿ ಬಂದರೆ ಹೀಟರ್, ಸೆನ್ಸರ್, ಫ್ಯೂಸ್ ಇವುಗಳಲ್ಲಿ ಒಂದು ಹೋಗಿದೆ ಅಂತ ಲೆಕ್ಕ. ಅಲ್ಲಿ ನಮ್ಮ ಕೈಚಳಕ ಬೇಡ.

ನಾನು ಬೇಗ ಕರೆಸಬೇಕಾಗಿದ್ದಾಗ ತಡಮಾಡಿದ್ದೂ ಉಂಟು. ಕಳೆದ ವರ್ಷ ಫ್ರಿಜ್ ಹಿಂದೆ 'ಗುಂಯ್' ಅಂತ ಸದ್ದು, ಕೂಡಲೇ 'ಟಕ್', ಆಮೇಲೆ ಮೌನ. ಐದು ನಿಮಿಷಕ್ಕೆ ಮತ್ತೆ ಅದೇ. ವೋಲ್ಟೇಜ್ ಕಡಿಮೆ ಇರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ವೋಲ್ಟೇಜ್ ಕಡಿಮೆಯಾದರೂ ಹಾಗೇ ಆಗುತ್ತದೆ ಅನ್ನುವುದು ನಿಜ. ಆದರೆ ಪಕ್ಕದ ಮನೆಯ ಮಿಕ್ಸಿ ಚೆನ್ನಾಗೇ ತಿರುಗುತ್ತಿತ್ತಲ್ಲ! ನಾಲ್ಕನೇ ದಿನ ಎರಡು ಕಿಲೋ ಬಂಗುಡೆ ತೆಂಗಿನ ಬುಡಕ್ಕೆ ಹೋಯಿತು. ಕಂಪ್ರೆಸರ್ ಸ್ಟಾರ್ಟ್ ಮಾಡುವ ರಿಲೇ ಸುಟ್ಟಿತ್ತು. ಅದರ ಬೆಲೆ ಮೀನಿನ ಬೆಲೆಗಿಂತ ಕಡಿಮೆ. ಇನ್ನೂ ಬಿಟ್ಟಿದ್ದರೆ ಕಂಪ್ರೆಸರೂ ಹೋಗುತ್ತಿತ್ತಂತೆ.

ಯಾರಾದರೂ ಬಂದು "ಗ್ಯಾಸ್ ಖಾಲಿ, ತುಂಬಿಸಬೇಕು" ಅಂದರೆ ಎಲ್ಲಿ ಸೋರಿದೆ ಅಂತ ಕೇಳಿ. ಸ್ಕೂಟರಿನ ಪೆಟ್ರೋಲಿನ ಹಾಗೆ ಅದು ಖರ್ಚಾಗುವ ವಸ್ತುವಲ್ಲ. ಒಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ತೂತು ಇದೆ. ನಮ್ಮ ಉಪ್ಪುಗಾಳಿಗೆ ಪೈಪಿನ ಬೆಸುಗೆ ತುಕ್ಕು ಹಿಡಿಯುವುದು ಹೊಸದೇನಲ್ಲ. ತೂತು ಹುಡುಕದೆ ತುಂಬಿಸಿದರೆ ದುಡ್ಡೂ ಗಾಳಿಗೆ ಹೋದ ಹಾಗೆ.

ಮಳೆಗಾಲದಲ್ಲಿ ಕರೆಂಟು ಹೋಗುವುದಕ್ಕೆ ಮಾತ್ರ ಯಾವ ಮೆಕ್ಯಾನಿಕ್ಕೂ ಇಲ್ಲ. ಬಾಗಿಲು ತೆಗೆಯದೆ ಕೂರುವುದೇ ಉಪಾಯ. ತುಂಬಿದ ಫ್ರೀಜರ್ ಖಾಲಿ ಫ್ರೀಜರಿಗಿಂತ ಹೆಚ್ಚು ಹೊತ್ತು ತಂಪು ಹಿಡಿಯುತ್ತದೆ. ಮನೆಗೆ ಬೀಗ ಹಾಕಿ ಹೋಗುವಾಗ ಒಂದು ಲೋಟ ನೀರು ಐಸಾಗಿಸಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹೋಗುತ್ತೇನೆ. ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ತಳದಲ್ಲಿದ್ದರೆ ನಾವಿಲ್ಲದಾಗ ಎಲ್ಲಾ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಮೀನು ನೋಡಲು ಎಷ್ಟೇ ಚೆನ್ನಾಗಿರಲಿ, ಎಸೆಯುವುದೇ.

ಈ ಜೂನಿನಲ್ಲಿ ಬೆಂಗಳೂರಿಗೆ ಹೋಗಿ ವಾರ ಬಿಟ್ಟು ಬಂದಾಗ ನಾಣ್ಯ ಲೋಟದ ನಡುವಿನಲ್ಲಿತ್ತು. ಇದಕ್ಕೆ ಏನರ್ಥ ಅಂತ ನಾನೂ ಇವರೂ ಬಾಗಿಲು ತೆರೆದುಕೊಂಡೇ ಐದು ನಿಮಿಷ ಚರ್ಚೆ ಮಾಡಿದೆವು. "ಮೊದಲು ಬಾಗಿಲು ಹಾಕಿ ಮಾರಾಯ್ರೆ" ಅಂದರು ಅತ್ತೆ, ಒಣಮೀನಿನ ಡಬ್ಬಿ ಕೆಳಗಿಳಿಸುತ್ತಾ.